ಮುಚ್ಚಳ ತೆರೆಯುವ ಮುನ್ನ

ಒಂದು ಕಿಲೋ ಅಲ್ಯೂಮಿನಿಯಂ ಗಟ್ಟಿ ಅಂಗೈ ಮೇಲೆ ಕೂರುತ್ತದೆ. ಅದೇ ಲೋಹ 30 ಮೈಕ್ರಾನ್ ಅಡ್ಡಳತೆಯ ಗುಂಡು ಕಣಗಳಾದರೆ, ಕಣಗಳ ಮೈಯೆಲ್ಲ ಸೇರಿ ಸುಮಾರು 74 ಚದರ ಮೀಟರ್. ಎರಡು ಬೆಡ್‌ರೂಮಿನ ಮನೆಯ ನೆಲದಷ್ಟು. ಗಟ್ಟಿಗೆ ಏನೂ ಮಾಡದ ತೇವ ಪುಡಿಯನ್ನು ಕೆಡಿಸುವುದೇಕೆಂದು ತಿಳಿಯಲು ಈ ಲೆಕ್ಕ ಸಾಕು.

ಲೋಹದ ತ್ರೀಡಿ ಮುದ್ರಣ ಯಂತ್ರ ಇಂಥ ಪುಡಿಯನ್ನು ಕೂದಲೆಳೆಗಿಂತ ತೆಳುವಾಗಿ ಹರವಿ, ಬೇಕಾದಲ್ಲಿ ಮಾತ್ರ ಲೇಸರ್‌ನಿಂದ ಕರಗಿಸಿ, ಮೇಲೆ ಮತ್ತೊಂದು ಪದರ ಹರವುತ್ತದೆ. 2024ರ ಮೇ 9ರಂದು ಇಸ್ರೋ 665 ಸೆಕೆಂಡು ಉರಿಸಿ ಪರೀಕ್ಷಿಸಿದ, ಪಿಎಸ್‌ಎಲ್‌ವಿ ರಾಕೆಟ್‌ನ ನಾಲ್ಕನೇ ಹಂತದ ಪಿಎಸ್4 ಎಂಜಿನ್ ತಯಾರಾದದ್ದು ಹೀಗೆಯೇ. 14 ಬಿಡಿಭಾಗಗಳಿದ್ದಲ್ಲಿ ಒಂದೇ ತುಂಡು. 19 ಬೆಸುಗೆಗಳು ಬೇಡವಾದವು. 565 ಕಿಲೋ ಲೋಹದ ಜಾಗದಲ್ಲಿ 13.7 ಕಿಲೋ ಪುಡಿ ಸಾಕಾಯಿತು. ಪುಡಿಯ ಹೊಣೆಯೂ ಅಷ್ಟೇ ಹೆಚ್ಚಿತು.

ಒಣಗಿದ ರಂಗೋಲಿ ಪುಡಿ ಬೆರಳ ಸಂದಿಯಿಂದ ಎಳೆಯಾಗಿ ಇಳಿಯುತ್ತದೆ. ತೇವ ಹಿಡಿದರೆ ಮುದ್ದೆಮುದ್ದೆಯಾಗಿ ಉದುರುತ್ತದೆ. ಲೋಹದ ಪುಡಿಯೂ ಹಾಗೆಯೇ. 50 ಗ್ರಾಂ ಪುಡಿ ಸಣ್ಣ ತೂತಿನ ಆಲಿಕೆಯಿಂದ ಇಳಿಯಲು ಎಷ್ಟು ಸೆಕೆಂಡು ಹಿಡಿಯಿತೆಂದು ನೋಡಿ ಅದರ ಹರಿವನ್ನು ಅಳೆಯುತ್ತಾರೆ.

ಹರಿಯದ ಪುಡಿ ಕಣ್ಣಿಗಾದರೂ ಕಾಣುತ್ತದೆ. ನನಗೆ ಆತಂಕವಿರುವುದು ಕಾಣದ ಕೇಡಿನ ಬಗ್ಗೆ. ಲೇಸರ್ ಬಿದ್ದೊಡನೆ ತೇವದಲ್ಲಿನ ಆಕ್ಸಿಜನ್ನನ್ನು ಅಲ್ಯೂಮಿನಿಯಂ ಕಸಿದುಕೊಳ್ಳುತ್ತದೆ, ಹೈಡ್ರೋಜನ್ ಬಿಡುಗಡೆಯಾಗುತ್ತದೆ. ಕರಗಿದ ಅಲ್ಯೂಮಿನಿಯಂ ಗಟ್ಟಿಯಾದದ್ದಕ್ಕಿಂತ ಸುಮಾರು 20 ಪಟ್ಟು ಹೈಡ್ರೋಜನ್ ಹಿಡಿದಿಟ್ಟುಕೊಳ್ಳಬಲ್ಲದು. ಕಣ್ಣು ಮಿಟುಕಿಸುವುದರೊಳಗೆ ಲೋಹ ಹೆಪ್ಪುಗಟ್ಟುವಾಗ ಅನಿಲಕ್ಕೆ ಹೊರಬರಲು ಹೊತ್ತಿಲ್ಲ. ಗುಳ್ಳೆಯಾಗಿ ಒಳಗೇ ಉಳಿಯುತ್ತದೆ. ಮತ್ತೆ ಮತ್ತೆ ಎಳೆತ ಬೀಳುವ ಭಾಗದಲ್ಲಿ ಬಿರುಕು ಮೊಳೆಯಲು ಇಂಥ ಒಂದು ಗುಳ್ಳೆ ಸಾಕು.

ಟೈಟಾನಿಯಂನ ಕಷ್ಟ ಬೇರೆ. ಕರಗದೆ ಉಳಿದ ಪುಡಿಯನ್ನು ಜರಡಿ ಹಿಡಿದು ಮತ್ತೆ ಬಳಸುತ್ತಾರೆ. ಸುತ್ತಿನಿಂದ ಸುತ್ತಿಗೆ ಅದರಲ್ಲಿ ಆಕ್ಸಿಜನ್ ಇಷ್ಟಿಷ್ಟೇ ಏರುತ್ತದೆ. ದೇಹದೊಳಗೆ ಕೂರಿಸುವ ಇಂಪ್ಲಾಂಟ್‌ಗಳಿಗೆ ಬಳಸುವ ಗ್ರೇಡ್ 23ರಲ್ಲಿ ಅದು ಶೇ. 0.13 ಮೀರಬಾರದು. ಮೀರಿದರೆ ಲೋಹ ಗಡುಸಾಗುತ್ತದೆ, ಬಾಗುವ ಗುಣ ಕಳೆದುಕೊಳ್ಳುತ್ತದೆ. ಯಾವ ಪುಡಿ ಎಷ್ಟು ಸಲ ಯಂತ್ರ ಹೊಕ್ಕು ಬಂತೆಂದು ಬರೆದಿಡದ ಕಡೆ ತಯಾರಾದ ಭಾಗವನ್ನು ನಾನಂತೂ ನಂಬಲಾರೆ.

ಹಾಗಾಗಿ ಪುಡಿಯನ್ನು ಆರ್ಗಾನ್ ತುಂಬಿದ, ಗಾಳಿಯಾಡದ ಡಬ್ಬಿಯಲ್ಲಿ ಇಡುತ್ತಾರೆ. ತೇವ ಹಿಡಿದದ್ದನ್ನು ನಿರ್ವಾತದಲ್ಲಿ ಕಾಯಿಸಿ ಒಣಗಿಸಬಹುದು; ಕಣದ ಮೇಲೆ ಬೆಳೆದ ಆಕ್ಸೈಡ್ ಪೊರೆ ಮಾತ್ರ ಅದರಿಂದ ಹೋಗದು. ಡಬ್ಬಿ ತೆರೆಯುವ ಹೊತ್ತೂ ಮುಖ್ಯ. ಎಸಿ ಕೋಣೆಯಿಂದ ತಂದ ತಣ್ಣನೆಯ ಡಬ್ಬಿಯನ್ನು ಸೆಕೆಯಲ್ಲಿ ಒಡನೆ ತೆರೆದರೆ, ತಣ್ಣೀರಿನ ಲೋಟ ಹೊರಗೆ ಬೆವರುವಂತೆ ಪುಡಿಯೂ ಬೆವರುತ್ತದೆ. ಕೋಣೆಯ ಬಿಸುಪಿಗೆ ಡಬ್ಬಿ ಹೊಂದಿಕೊಳ್ಳುವ ತನಕ ಮುಚ್ಚಳ ಬಿಗಿದೇ ಇರಬೇಕು.