ತೂತಿನ ತಾವು

ಹಾವೇರಿಯಿಂದ ಪೂರ್ವಕ್ಕೆ, ತುಂಗಭದ್ರೆಯ ದಿಕ್ಕಿಗೆ ಸಾಗುವ ದಾರಿಯಲ್ಲಿ, ಎರೆಯೂ ಮಸಾರಿಯೂ ಬೆರೆತ ಹೊಲಗಳ ನಡುವೆ, ಒಂದು ಕಾಲಕ್ಕೆ ಗುತ್ತವೊಳಲೆಂಬ ಹೆಸರಿನಿಂದ ಗುತ್ತ ವಂಶದ ಅರಸರಿಗೆ ರಾಜಧಾನಿಯಾಗಿದ್ದ ಗುತ್ತಲವೆಂಬ ಊರಿದೆ. ಆ ಅರಸರ ಕಾಲದ ಕಲ್ಲುಕೆಲಸವನ್ನು ನೋಡಬಯಸುವವರು ಸಮೀಪದ ಚೌಡದಾನಪುರದ ಮುಕ್ತೇಶ್ವರನ ಗುಡಿಗೆ ಹೋಗುತ್ತಾರೆ. ನಾನು ಇಲ್ಲಿ ಹೇಳಹೊರಟಿರುವುದು ಯಾವ ಶಾಸನದಲ್ಲಿಯೂ ಬರೆಯಿಸಿಕೊಳ್ಳದ ಬಡಿಗನ ಒಂದು ಕೆಲಸವನ್ನು. ಈ ಸೀಮೆಯಲ್ಲಿ ಮುಂಗಾರಿನ ಬಿತ್ತನೆ ನಡೆಯುತ್ತಿದ್ದುದು ಕೂರಿಗೆಯಿಂದ. ಪೈರು ಗೇಣುದ್ದವಾದ ಮೇಲೆ ಸಾಲುಗಳ ನಡುವಣ ಕಳೆಯನ್ನು ತೆಗೆಯುತ್ತಿದ್ದುದು ಎಡೆಕುಂಟೆಯಿಂದ. ಕೂರಿಗೆಯ ದಿಂಡಿಗೆ ಬಡಿಗನು ಕೊರೆದ ತೂತುಗಳಲ್ಲಿ ತಾಳುಗಳು ನಿಲ್ಲುತ್ತವೆ, ತಾಳುಗಳ ಅಂತರವೇ ಹೊಲದಲ್ಲಿ ಸಾಲುಗಳ ಅಂತರವಾಗುತ್ತದೆ, ಮತ್ತು ಬೇರೊಂದು ದಿನ, ಬೇರೊಂದು ಮರದಿಂದ, ಒಮ್ಮೊಮ್ಮೆ ಬೇರೊಬ್ಬನ ಕೈಯಿಂದ ಸಿದ್ಧವಾದ ಎಡೆಕುಂಟೆಯು ಅದೇ ಅಂತರಕ್ಕೆ ಹೊಂದಬೇಕಾಗುತ್ತದೆ. ನಡುವಣ ತೂತು ಎರಡು ಬೆರಳಿನಷ್ಟು ಜರುಗಿತೆಂದರೆ, ಕೊರೆದ ದಿನ ಅದನ್ನು ಯಾರೂ ಕಾಣರು. ತಿಂಗಳ ಮೇಲೆ ಎಡೆ ಹೊಡೆಯುವಾಗ ಕುಂಟೆಯ ಕುಡವು ಕಳೆಯ ಬದಲು ಜೋಳದ ಸಸಿಯನ್ನೇ ಕತ್ತರಿಸುತ್ತ ಹೋದಾಗ, ದಿಂಡಿನಲ್ಲಿದ್ದ ತಪ್ಪು ಹೊಲದ ತುಂಬ ಬರೆದುಕೊಂಡು ನಿಂತಿರುತ್ತದೆ.

ಇಂಥ ತಪ್ಪನ್ನು ತಡೆಯಲು ಬಲ್ಲ ಬಡಿಗನಿಗೆ ಎರಡು ಉಪಾಯಗಳು ಗೊತ್ತು. ಒಂದು, ಅಳತೆಯ ಕಡ್ಡಿ. ಕೂರಿಗೆಗೂ ಎಡೆಕುಂಟೆಗೂ ಅದೊಂದೇ ಕಡ್ಡಿಯನ್ನು ಹಿಡಿದು ನೋಡುವುದು. ಎರಡನೆಯದು ಇನ್ನೂ ಸೂಕ್ಷ್ಮವಾದದ್ದು. ಮೊದಲನೆಯ ತೂತಿನಿಂದ ಎರಡನೆಯದನ್ನು, ಎರಡನೆಯದರಿಂದ ಮೂರನೆಯದನ್ನು ಅಳೆಯುತ್ತ ಹೋದರೆ ಪ್ರತಿಯೊಂದು ಅಳತೆಯ ಸಣ್ಣ ದೋಷವೂ ಮುಂದಿನದಕ್ಕೆ ಚಕ್ರಬಡ್ಡಿಯಂತೆ ಸೇರಿಕೊಳ್ಳುವುದರಿಂದ, ಅವನು ದಿಂಡಿನ ನಟ್ಟನಡುವೆ ಒಂದು ಗೀಟು ಎಳೆದು, ಎಲ್ಲ ತೂತುಗಳನ್ನೂ ಆ ಒಂದು ಗೀಟಿನಿಂದಲೇ ಅಳೆಯುತ್ತಾನೆ. ಯಂತ್ರಶಾಸ್ತ್ರಜ್ಞರು ಆ ಗೀಟಿಗೆ ಆಧಾರರೇಖೆಯೆನ್ನುತ್ತಾರೆ. ಈ ಲೇಖನದ ಉಳಿದ ಭಾಗವೆಲ್ಲ ಒಂದರ್ಥದಲ್ಲಿ ಆ ಗೀಟಿನ ವ್ಯಾಖ್ಯಾನವೇ ಆಗಿದೆ.

ರಾಣೆಬೆನ್ನೂರು, ಹಾವೇರಿಗಳನ್ನು ಹಾದು ಬರುವ ಹೆದ್ದಾರಿಯನ್ನೇ ಹಿಡಿದು ವಾಯವ್ಯಕ್ಕೆ ಹೋದರೆ ಬೆಳಗಾವಿಯನ್ನು ದಾಟಿದ ಮೇಲೆ ಹತ್ತರಗಿ ಸಿಕ್ಕುತ್ತದೆ. ಅಲ್ಲಿಯ ಏಕಸ್ ಕಾರ್ಖಾನೆಗಳಲ್ಲಿ ಏರ್‌ಬಸ್, ಬೋಯಿಂಗ್ ಮುಂತಾದ ವಿಮಾನಗಳಿಗೆ ಬೇಕಾದ ಲೋಹದ ಭಾಗಗಳು ತಯಾರಾಗುತ್ತವೆ. ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆ ಏರ್‌ಬಸ್ ಎ320 ವಿಮಾನದ ಬಾಗಿಲುಗಳನ್ನೂ, ಅದೇ ನಗರದ ಡೈನಮ್ಯಾಟಿಕ್ ಸಂಸ್ಥೆ ಅದೇ ವಿಮಾನದ ರೆಕ್ಕೆಯ ಫ್ಲ್ಯಾಪುಗಳನ್ನು ಹೊರುವ ತೊಲೆಗಳನ್ನೂ ಮಾಡಿ ಕಳುಹಿಸುತ್ತವೆ. ಕನ್ನಡನಾಡಿನಲ್ಲಿ ಕೊರೆದ ತೂತು ಯೂರೋಪಿನಲ್ಲಿ ಕೊರೆದ ಇನ್ನೊಂದು ತೂತಿನ ಎದುರಿಗೆ, ಹಿಂದೆ ಎಂದೂ ಪರಸ್ಪರ ಕಾಣದ ಎರಡು ಭಾಗಗಳು ಮೊದಲ ಸಲ ಕೂಡುವ ಗಳಿಗೆಯಲ್ಲಿ, ಕೂದಲೆಳೆಯಷ್ಟೂ ತಪ್ಪದೆ ಬಂದು ನಿಲ್ಲಬೇಕು. ಒಂದು ಬೋಯಿಂಗ್ 747 ವಿಮಾನದಲ್ಲಿ ಸುಮಾರು 60 ಲಕ್ಷ ಬಿಡಿಭಾಗಗಳಿದ್ದು ಅವುಗಳಲ್ಲಿ ಅರ್ಧದಷ್ಟು ರಿವೆಟು, ಬೋಲ್ಟು ಮೊದಲಾದ ಬಂಧಕಗಳೇ ಎಂದಾಗ, ಈ ಕೂಟವು ಎಷ್ಟು ಲಕ್ಷ ಸಲ ನಡೆಯಬೇಕೆಂಬುದು ಓದುಗರ ಕಲ್ಪನೆಗೆ ಬಂದೀತು.

ತೂತು ತಾನಿರಬೇಕಾದಲ್ಲಿ ಇಲ್ಲದಿದ್ದರೆ ಬೋಲ್ಟು ಹೊಗುವುದಿಲ್ಲ, ಅಷ್ಟೆ ತಾನೆ, ಎಂದು ಯಾರಾದರೂ ಕೇಳಬಹುದು. ಹೊಗದಿದ್ದರೆ ಕೇಡೇನೂ ಇಲ್ಲ, ತಪ್ಪು ಅಲ್ಲಿಯೇ ಬಯಲಾಗುತ್ತದೆ, ಕೇಡಿರುವುದು ಹೊಕ್ಕಾಗ. ಎಳೆತಕ್ಕೆ ಒಳಗಾದ ಲೋಹದ ಹಲಗೆಯೊಂದರಲ್ಲಿ ದುಂಡಾದ ತೂತಿದ್ದರೆ, ಆ ತೂತಿನ ಅಂಚಿನಲ್ಲಿ ಎಳೆತದ ತೀವ್ರತೆಯು ಉಳಿದೆಡೆಗಿಂತ ಮೂರು ಪಟ್ಟು ಏರುತ್ತದೆಯೆಂದು ಜರ್ಮನಿಯ ಎಂಜಿನಿಯರ್ ಕಿರ್ಶ್ 1898ರಲ್ಲಿಯೇ ಗಣಿತದಿಂದ ತೋರಿಸಿದನು. ಹೊಳೆಯ ನಡುವೆ ಕಂಬವೊಂದು ನಿಂತಾಗ ನೀರು ಅದರ ಎರಡೂ ಮಗ್ಗುಲುಗಳಲ್ಲಿ ಒತ್ತೊತ್ತಾಗಿ ರಭಸದಿಂದ ಹರಿಯುವಂತೆ, ಹಲಗೆಯ ಮೂಲಕ ಹರಿಯುವ ಬಲವು ತೂತನ್ನು ಬಳಸಿಕೊಂಡು ಹೋಗುವಾಗ ಅದರ ಪಕ್ಕೆಗಳಲ್ಲಿ ದಟ್ಟೈಸುತ್ತದೆ. ತೂತು ಅಂಚಿಗೆ ಸರಿದಷ್ಟೂ ಆ ಬಲಕ್ಕೆ ದಾರಿ ಕಿರಿದಾಗುತ್ತದೆ. ಆದುದರಿಂದಲೇ ತೂತಿನ ನಡುವಿನಿಂದ ಹಲಗೆಯ ಅಂಚಿನವರೆಗೆ ಬಂಧಕದ ವ್ಯಾಸದ ಇಮ್ಮಡಿಯಷ್ಟಾದರೂ ಲೋಹವಿರಬೇಕೆಂಬುದು ವಿಮಾನ ಕಟ್ಟುವವರಲ್ಲಿ ರೂಢಿಯಾದ ನಿಯಮ.

1988ರ ಏಪ್ರಿಲ್ 28ರಂದು ಹವಾಯಿ ದ್ವೀಪಗಳ ಮೇಲೆ 24,000 ಅಡಿ ಎತ್ತರದಲ್ಲಿ ಹಾರುತ್ತಿದ್ದ ಅಲೋಹ ಸಂಸ್ಥೆಯ ಬೋಯಿಂಗ್ 737 ವಿಮಾನವೊಂದರ ಮೇಲ್ಚಾವಣಿಯು ಸುಮಾರು 18 ಅಡಿಯಷ್ಟು ಕಿತ್ತುಹೋಗಿ, ಪರಿಚಾರಿಕೆಯೊಬ್ಬಳು ಪ್ರಾಣ ನೀಗಿದಳು. ಅಲ್ಲಿ ತೂತುಗಳ ತಾವು ತಪ್ಪಿರಲಿಲ್ಲವೆಂಬುದನ್ನು ನ್ಯಾಯವಾಗಿ ಹೇಳಬೇಕು. ಒಂದು ಮಿಲಿಮೀಟರಿಗಿಂತ ತೆಳುವಾದ ಹೊರಹೊದಿಕೆಯ ತಗಡುಗಳನ್ನು ಕೂಡಿಸಿದ್ದ ಅಂಟು ಬಿಟ್ಟುಹೋಗಿ ಭಾರವೆಲ್ಲ ರಿವೆಟುಗಳ ಮೇಲೆ ಬಿದ್ದು, ರಿವೆಟಿನ ತಲೆ ಕೂರಲೆಂದು ಓರೆಯಾಗಿ ಕಡೆದ ತೂತಿನ ಕೂರಂಚಿನಿಂದ ಬಿರುಕುಗಳು ಹುಟ್ಟಿ, ಒಂದು ತೂತಿನ ಬಿರುಕು ಪಕ್ಕದ ತೂತಿನ ಬಿರುಕಿಗೆ ಕೈಚಾಚಿ ಕೂಡಿಕೊಂಡಿದ್ದುವು. ಸರಿಯಾದ ತಾವಿನಲ್ಲಿದ್ದ ತೂತುಗಳ ಸಾಲೇ ಹೀಗೆ ಹರಿಯಬಲ್ಲುದಾದರೆ, ತಾವು ತಪ್ಪಿದ ತೂತಿಗೆ ಎಷ್ಟು ಅಂಜಬೇಕೆಂಬುದು ಇದರಿಂದ ತಿಳಿಯುತ್ತದೆ.

ಇಲ್ಲಿಂದ ಮುಂದೆ ಪ್ರಶ್ನೆ ತತ್ತ್ವಶಾಸ್ತ್ರದ ಹೊಸ್ತಿಲಿಗೆ ಬರುತ್ತದೆ. ತೂತೆಂಬುದು ವಸ್ತುವಲ್ಲ, ವಸ್ತುವಿನ ಅಭಾವ. ನಮ್ಮ ನೈಯಾಯಿಕರು ಅಭಾವವನ್ನೂ ಒಂದು ಪದಾರ್ಥವೆಂದೇ ಎಣಿಸಿ, ನೆಲದ ಮೇಲೆ ಗಡಿಗೆಯಿಲ್ಲವೆಂಬುದನ್ನು ನಾವು ಅರಿಯುವುದು ಆ ಇಲ್ಲದಿರುವಿಕೆಗೆ ಅಧಿಕರಣವಾದ ನೆಲವನ್ನು ನೋಡುವುದರಿಂದಲೆಂದು ವಾದಿಸಿದರು. ತೂತನ್ನು ಪರೀಕ್ಷಿಸುವ ಯಂತ್ರವೂ ಮಾಡುವುದು ಇದನ್ನೇ. ಬೇಕಾಗಿರುವುದು ತೂತಿನ ಕೇಂದ್ರಬಿಂದು. ಆದರೆ ಅಲ್ಲಿ ಮುಟ್ಟಲು ಏನೂ ಇಲ್ಲ. ಆದಕಾರಣ ಅದು ತೂತಿನ ಗೋಡೆಯನ್ನು ಹಲವೆಡೆ ಮುಟ್ಟಿ, ಆ ಬಿಂದುಗಳಿಗೆಲ್ಲ ಅತ್ಯಂತ ಸಮೀಪವಾಗಿ ಹೊಂದುವ ವೃತ್ತವನ್ನು ಲೆಕ್ಕದಿಂದ ಎಳೆದು, ಆ ವೃತ್ತದ ನಡುವನ್ನು ಊಹಿಸುತ್ತದೆ. ಮೂರು ಬಿಂದುಗಳಿದ್ದರೆ ವೃತ್ತವೊಂದು ನಿಶ್ಚಿತವಾಗುತ್ತದೆಯೆಂಬುದು ಶಾಲೆಯ ರೇಖಾಗಣಿತ. ಆದರೆ ಮೂರೇ ಬಿಂದುಗಳನ್ನು ನಂಬಿದರೆ ಅವುಗಳಲ್ಲೊಂದರ ಮೇಲೆ ಕುಳಿತ ಲೋಹದ ಚೂರೊಂದು ಇಡೀ ವೃತ್ತವನ್ನು ಜರುಗಿಸಿಬಿಡುವುದರಿಂದ, ಹೆಚ್ಚು ಬಿಂದುಗಳನ್ನು ಹಿಡಿದು ಅವುಗಳ ಬಹುಮತಕ್ಕೆ ಕಿವಿಗೊಡುವುದು ವಾಡಿಕೆ.

ಹೀಗೆ ಮುಟ್ಟಿ ನೋಡುವ ಯಂತ್ರಗಳಲ್ಲಿ, ಕಪ್ಪು ಗ್ರಾನೈಟ್ ಶಿಲೆಯ ಪೀಠದ ಮೇಲೆ ಮೂರು ದಿಕ್ಕುಗಳಲ್ಲಿಯೂ ಸರಿಯುವ ತೋಳೊಂದಿದ್ದು, ಅದರ ತುದಿಯ ಪ್ರೋಬಿನಲ್ಲಿ ಮಾಣಿಕ್ಯದ ಪುಟ್ಟ ಗುಂಡೊಂದು ಇರುತ್ತದೆ. ಗುಂಡು ಲೋಹವನ್ನು ಸೋಕಿದ ಕ್ಷಣದಲ್ಲಿಯೇ ಸಂಜ್ಞೆ ಕೊಡುವ ಇಂಥ ಪ್ರೋಬನ್ನು 1972ರಲ್ಲಿ ಡೇವಿಡ್ ಮ್ಯಾಕ್‌ಮರ್ಟ್ರಿ ಎಂಬಾತನು ಕಲ್ಪಿಸಿದ್ದು ಕಾಂಕಾರ್ಡ್ ವಿಮಾನದ ಒಲಿಂಪಸ್ ಎಂಜಿನಿನ ಇಂಧನ ಕೊಳವೆಗಳನ್ನು ಬಗ್ಗಿಸದೆ ಅಳೆಯುವುದಕ್ಕಾಗಿ. ಅಳೆಯುವ ಕೈಯೇ ಅಳೆಯಿಸಿಕೊಳ್ಳುವ ವಸ್ತುವನ್ನು ತಳ್ಳಬಾರದೆಂಬ ಈ ಸೌಮ್ಯತೆ ನನಗೆ ಯಾವಾಗಲೂ ಮೆಚ್ಚಿಗೆಯಾದದ್ದು.

ಕೇಂದ್ರ ಸಿಕ್ಕಿತೆನ್ನೋಣ. ಅದು ನಕ್ಷೆಯಲ್ಲಿದ್ದ ತಾವಿನಿಂದ ಎಷ್ಟು ಸರಿದಿದ್ದರೆ ಕ್ಷಮ್ಯ? ಬಹು ಕಾಲ ಎಂಜಿನಿಯರುಗಳು ಎಡಬಲಕ್ಕೆ ಇಷ್ಟು, ಮೇಲೆಕೆಳಗೆ ಇಷ್ಟು ಎಂದು ಬರೆಯುತ್ತಿದ್ದರು. ಅಂದರೆ ಕ್ಷಮೆಯ ಕ್ಷೇತ್ರವು ಒಂದು ಚೌಕವಾಗಿತ್ತು. ಸ್ಕಾಟ್ಲೆಂಡಿನ ಅಲೆಕ್ಸಾಂಡ್ರಿಯದಲ್ಲಿದ್ದ ಟಾರ್ಪಿಡೊ ಕಾರ್ಖಾನೆಯ ಸ್ಟ್ಯಾನ್ಲಿ ಪಾರ್ಕರ್ 1938ರ ಸುಮಾರಿಗೆ ಈ ರೂಢಿಯ ಅಸಂಗತತೆಯನ್ನು ಕಂಡನು. ಎಡಬಲಕ್ಕೂ ಮೇಲೆಕೆಳಗೂ 0.1 ಮಿ.ಮೀ. ಎಂದು ಕಟ್ಟು ಹಾಕಿದರೆ, ಚೌಕದ ಮೂಲೆಯಲ್ಲಿರುವ ತೂತು ನಿಜಸ್ಥಾನದಿಂದ 0.14 ಮಿ.ಮೀ. ದೂರವಿದ್ದರೂ ಒಪ್ಪಿತವಾಗುತ್ತದೆ, ನೇರ ಬಲಕ್ಕೆ 0.12 ಮಿ.ಮೀ. ಸರಿದ ತೂತಾದರೋ ಅದಕ್ಕಿಂತ ಸಮೀಪದಲ್ಲಿದ್ದೂ ತಿರಸ್ಕೃತವಾಗುತ್ತದೆ. ದುಂಡಾದ ಬೋಲ್ಟಿಗೆ ದಿಕ್ಕಿನ ಹಂಗಿಲ್ಲ, ದೂರದ್ದು ಮಾತ್ರ ಉಂಟು. ಆದುದರಿಂದ ಕ್ಷಮೆಯ ಕ್ಷೇತ್ರವು ಆ ಮೂಲೆಗಳನ್ನು ಮುಟ್ಟುವ ವೃತ್ತವಾಗಿರತಕ್ಕದ್ದು. ಆ ವೃತ್ತದ ವಿಸ್ತಾರವು ಚೌಕದ್ದಕ್ಕಿಂತ ಶೇಕಡ 57ರಷ್ಟು ಹೆಚ್ಚು. ಕೆಲಸದ ಗುಣಕ್ಕೆ ಎಳ್ಳಷ್ಟೂ ಧಕ್ಕೆಯಿಲ್ಲದೆ ಅಷ್ಟು ವಿಸ್ತಾರದಲ್ಲಿ ಬಿದ್ದ ತೂತುಗಳು ಗುಜರಿಯ ಪಾಲಾಗುವುದು ಕೇವಲ ಸರಿಯಾದ ಆಕೃತಿಯನ್ನು ಆಲೋಚಿಸಿದ್ದರಿಂದ ತಪ್ಪಿತು.

ಮುಟ್ಟುವ ಯಂತ್ರವು ನಿಧಾನಿ. ಸಾವಿರಾರು ತೂತುಗಳ ಹಲಗೆಯನ್ನು ಒಂದೊಂದಾಗಿ ಮುಟ್ಟುತ್ತ ಕೂರಲು ಕಾರ್ಖಾನೆಗೆ ವ್ಯವಧಾನವಿಲ್ಲವಾಗಿ, ಈಚೆಗೆ ಕ್ಯಾಮೆರಾ ಆ ಕೆಲಸಕ್ಕೆ ಬಂದಿದೆ. ತೂತು ಕೊರೆಯುವ ರೋಬಾಟಿನ ತೋಳಿಗೇ ಕ್ಯಾಮೆರಾವನ್ನು ಕಟ್ಟಿ, ಸುತ್ತ ಉಂಗುರದಂತೆ ದೀಪವನ್ನಿಟ್ಟು, ಹೊಳೆಯುವ ಲೋಹದ ನಡುವೆ ಕಪ್ಪಾಗಿ ಕಾಣುವ ವೃತ್ತವನ್ನು ಕಂಪ್ಯೂಟರು ಹುಡುಕುವಂತೆ ಮಾಡುತ್ತಾರೆ. ಚಿತ್ರವು ಸಣ್ಣ ಸಣ್ಣ ಚೌಕಗಳಿಂದಾದುದಾದರೂ, ಬೆಳಕಿನಿಂದ ಕತ್ತಲೆಗೆ ಇಳಿಯುವ ಅಂಚು ಯಾವ ಇಳಿಜಾರಿನಲ್ಲಿ ಇಳಿಯುತ್ತಿದೆಯೆಂಬುದನ್ನು ಗಮನಿಸಿ, ಒಂದು ಚೌಕದ ಒಳಗೇ ಅಂಚು ಎಲ್ಲಿ ಬಿತ್ತೆಂದು ನಿರ್ಣಯಿಸಲು ಬರುತ್ತದೆ. ಆದರೂ ಕಣ್ಣು ಮೋಸಹೋಗುವ ಎಡೆಗಳು ಹಲವು. ಎಣ್ಣೆಯ ಪಸೆ ಬೆಳಕನ್ನು ವಕ್ರವಾಗಿ ಹಿಂದಿರುಗಿಸುತ್ತದೆ. ಡ್ರಿಲ್ಲು ಬಿಟ್ಟುಹೋದ ಸಿಬಿರು ಅಂಚಿನಂತೆ ತೋರುತ್ತದೆ. ರಿವೆಟಿನ ತಲೆಗಾಗಿ ಓರೆ ಕಡೆದ ತೂತಿಗೆ ಒಂದರೊಳಗೊಂದು ಎರಡು ವೃತ್ತಗಳಿದ್ದು ಯಾವುದು ನಿಜವಾದ ಅಂಚೆಂಬ ಸಂದೇಹ ಹುಟ್ಟುತ್ತದೆ. ಕ್ಯಾಮೆರಾ ಕೊಂಚ ಓರೆಯಾಗಿ ನಿಂತರೆ ವೃತ್ತವೇ ದೀರ್ಘವೃತ್ತವಾಗುತ್ತದೆ.

ಕಣ್ಣು ಸರಿಯಿದ್ದರೂ ಉಳಿಯುವ ತೊಡಕೊಂದಿದೆ, ಅದು ನಮ್ಮ ಬಡಿಗನ ಗೀಟಿನದೇ. ಹಲಗೆಯನ್ನು ಪೀಠದ ಮೇಲೆ ಇಡುವಾಗ ಒಂದಿಷ್ಟು ತಿರುಗಿ ಕುಳಿತಿತೆಂದರೆ, ಎಲ್ಲ ತೂತುಗಳೂ ತಪ್ಪಿದಂತೆ ಯಂತ್ರಕ್ಕೆ ಕಾಣುತ್ತದೆ. ವಾಸ್ತವದಲ್ಲಿ ಒಂದೂ ತಪ್ಪಿರುವುದಿಲ್ಲ. ಆದ್ದರಿಂದ ಯಂತ್ರವು ಮೊಟ್ಟಮೊದಲು ಆಧಾರವೆಂದು ಗೊತ್ತುಮಾಡಿದ ಅಂಚುಗಳನ್ನೋ ಎರಡು ಮೂರು ತೂತುಗಳನ್ನೋ ಹುಡುಕಿ, ಅವು ನಕ್ಷೆಯ ಮೇಲೆ ಕೂರುವಂತೆ ಇಡೀ ಹಲಗೆಯನ್ನು ಲೆಕ್ಕದಲ್ಲಿಯೇ ಸರಿಸಿ ತಿರುಗಿಸಿಕೊಂಡು, ಆಮೇಲೆ ಉಳಿದ ತೂತುಗಳ ಗುಣದೋಷಗಳನ್ನು ಎಣಿಸುತ್ತದೆ. ಹಾಗಲ್ಲದೆ ಎಲ್ಲ ತೂತುಗಳೂ ಒಟ್ಟಾರೆ ಚೆನ್ನಾಗಿ ಹೊಂದುವಂತೆ ಹಲಗೆಯನ್ನು ತಿರುಗಿಸುವ ಉಪಾಯವೂ ಇದೆ. ಅದು ಕೇಳಲು ಸೊಗಸು. ಆದರೆ ಒಂದು ತೂತಿನ ದೊಡ್ಡ ತಪ್ಪನ್ನು ನೂರು ನಿರ್ದೋಷಿ ತೂತುಗಳಿಗೆ ಚೂರುಚೂರಾಗಿ ಹಂಚಿ ಮರೆಸುವ ಪ್ರಮಾದ ಅದರಲ್ಲಿ ಅಡಗಿರುವುದರಿಂದ, ನನ್ನ ವಿವೇಕಕ್ಕೆ ಬಡಿಗನ ಒಂಟಿ ಗೀಟೇ ಹೆಚ್ಚು ಪ್ರಾಮಾಣಿಕವಾಗಿ ತೋರುತ್ತದೆ.

ಇನ್ನು ಬಿಸಿಲಿನ ಮಾತು. ಅಲ್ಯೂಮಿನಿಯಮ್ಮಿನ ಒಂದು ಮೀಟರ್ ಉದ್ದದ ಪಟ್ಟಿಯು ಒಂದು ಡಿಗ್ರಿ ಸೆಲ್ಸಿಯಸ್ ಕಾವೇರಿದಾಗ ಸುಮಾರು 23 ಮೈಕ್ರಾನಿನಷ್ಟು, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಇಪ್ಪತ್ತಮೂರು ಪಾಲಿನಷ್ಟು, ಬೆಳೆಯುತ್ತದೆ. ಜಗತ್ತಿನ ಉದ್ದಳತೆಗಳೆಲ್ಲ 20 ಡಿಗ್ರಿ ಉಷ್ಣತೆಗೆ ಹೇಳಿದುವೆಂದು 1931ರಲ್ಲಿ ಅಂತರರಾಷ್ಟ್ರೀಯ ಒಪ್ಪಂದವಾಗಿದೆ. ನಮ್ಮ ಸೀಮೆಯ ಚೈತ್ರಮಾಸದ ಮಧ್ಯಾಹ್ನ 35 ಡಿಗ್ರಿ ಇದ್ದೀತಷ್ಟೆ. ಆ 15 ಡಿಗ್ರಿಯ ಅಂತರಕ್ಕೆ 10 ಮೀಟರ್ ಉದ್ದದ ರೆಕ್ಕೆಯ ಹಲಗೆಯೊಂದು ಸುಮಾರು ಮೂರೂವರೆ ಮಿಲಿಮೀಟರು ಉದ್ದವಾಗಿ, ಅದರ ತುದಿಯ ತೂತು, ಯಾರ ಕೈಯೂ ಸೋಕದೆಯೇ, ಕ್ಷಮೆಯ ವೃತ್ತದಿಂದ ಎಷ್ಟೋ ಪಟ್ಟು ಆಚೆಗೆ ನಡೆದುಹೋಗುತ್ತದೆ. ಅಳತೆಯ ಕೋಣೆಗಳನ್ನು ಹಗಲಿರುಳೂ ಒಂದೇ ತಂಪಿನಲ್ಲಿಡುವುದು ಒಳಗಿರುವವರ ಸುಖಕ್ಕಲ್ಲ. ಕೋಣೆಯಲ್ಲಿ ಹಿಡಿಸದಷ್ಟು ದೊಡ್ಡ ಹಲಗೆಗಳಿಗೆ ಅಲ್ಲಲ್ಲಿ ತಾಪಮಾಪಕಗಳನ್ನು ಅಂಟಿಸಿ, ಬೆಳೆದಷ್ಟನ್ನು ಯಂತ್ರವೇ ಲೆಕ್ಕದಲ್ಲಿ ಕಳೆದುಕೊಳ್ಳುವಂತೆ ಮಾಡುತ್ತಾರೆ.

ಲೋಹವನ್ನು ಮುಟ್ಟುವುದಕ್ಕೆ ಮುನ್ನವೇ ನಡೆಯುವ ಪರೀಕ್ಷೆಯೂ ಒಂದುಂಟು. ಭಾಗದ ನಕ್ಷೆಯು ಕಂಪ್ಯೂಟರಿನಲ್ಲಿ ಮೂರು ಆಯಾಮಗಳ ಆಕೃತಿಯಾಗಿ ಸಿದ್ಧವಾದಾಗ, ತಂತ್ರಾಂಶವು ಒಂದೊಂದು ತೂತಿನ ಬಳಿಗೂ ಹೋಗಿ, ಅಂಚು ವ್ಯಾಸದ ಇಮ್ಮಡಿಗಿಂತ ಹತ್ತಿರವಿದೆಯೇ, ಪಕ್ಕದ ತೂತು ರೂಢಿಯ ನಾಲ್ಮಡಿಗಿಂತ ಸಮೀಪವಾಯಿತೇ, ರಿವೆಟಿನ ತಲೆ ಮೂಲೆಯ ಬಾಗಿನ ಮೇಲೆ ಏರಿ ಕೂರುತ್ತದೆಯೇ, ಬಿಗಿಯುವ ಉಪಕರಣಕ್ಕೆ ಕೈಯಾಡಿಸುವಷ್ಟು ಎಡೆಯಿದೆಯೇ ಎಂದು ವಿಚಾರಿಸಿಕೊಂಡು ಬರುತ್ತದೆ. ಮನುಷ್ಯನು ನೂರನೆಯ ತೂತಿಗೆ ದಣಿಯುತ್ತಾನೆ. ಇದು ಹತ್ತು ಸಾವಿರದನೆಯದಕ್ಕೂ ಮೊದಲನೆಯದಕ್ಕೆ ಕೊಟ್ಟಷ್ಟೇ ಗಮನವನ್ನು ಕೊಡುತ್ತದೆ.

ಇಷ್ಟಾದ ಮೇಲೂ ತಪ್ಪಿದ ತೂತು ಬರುವುದುಂಟು, ಮತ್ತು ಕೊರೆದುದನ್ನು ಹಿಂದಕ್ಕೆ ತುಂಬುವ ವಿದ್ಯೆ ಯಾವ ಯಂತ್ರಕ್ಕೂ ಗೊತ್ತಿಲ್ಲ. ಮರದ ದಿಂಡಾದರೆ ಬಡಿಗನು ತಪ್ಪಿದ ತೂತಿಗೆ ಜಾಲಿಯ ಬೆಣೆಯನ್ನು ಬಡಿದು, ಸವರಿ, ಪಕ್ಕದಲ್ಲಿ ಹೊಸದಾಗಿ ಕೊರೆದಾನು. ವಿಮಾನದ ಹಲಗೆಯಲ್ಲಿ ತೂತನ್ನು ಕೊಂಚ ಹಿರಿದುಮಾಡಿ ದಪ್ಪನೆಯ ಬಂಧಕವನ್ನು ಹಾಕಬಹುದೋ, ಅಂಚಿನವರೆಗಿನ ಲೋಹ ಅದಕ್ಕೆ ಸಾಕಾದೀತೋ, ಅಥವಾ ಇಡೀ ಭಾಗವನ್ನೇ ಬಿಸುಡಬೇಕೋ ಎಂಬುದನ್ನು, ಯಂತ್ರವು ಬರೆದುಕೊಟ್ಟ ಅಂಕಿಗಳನ್ನು ಮುಂದಿಟ್ಟುಕೊಂಡು, ವಿನ್ಯಾಸ ಮಾಡಿದ ಎಂಜಿನಿಯರನೇ ನಿರ್ಧರಿಸಿ ರುಜು ಹಾಕಬೇಕು.

ಮರದ ಕೂರಿಗೆಗಳು ಈಗ ಈ ಸೀಮೆಯ ಹೊಲಗಳಲ್ಲಿ ವಿರಳವಾಗುತ್ತಿವೆ. ಟ್ರಾಕ್ಟರಿನ ಹಿಂದೆ ಕಟ್ಟುವ ಉಕ್ಕಿನ ಕೂರಿಗೆಗಳಲ್ಲಿ ತಾಳುಗಳನ್ನು ತೂತಿಗೆ ಹೂಡದೆ, ಚೌಕಟ್ಟಿನ ಮೇಲೆ ಬೇಕಾದಲ್ಲಿಗೆ ಸರಿಸಿ ಹಿಡಿಕೆಯಿಂದ ಬಿಗಿಯುವ ಏರ್ಪಾಟು ಬಂದಿದೆ. ಜೋಳಕ್ಕೊಂದು ಅಂತರ, ಹತ್ತಿಗೊಂದು ಅಂತರ. ಹಾಗೆ ಸರಿಸಿದಾಗಲೂ, ಬೋಲ್ಟನ್ನು ತಿರುಗಿಸುವ ಮೊದಲು ರೈತನು ಚೌಕಟ್ಟಿನ ನಡುವೆ ಸೀಮೆಸುಣ್ಣದಿಂದ ಒಂದು ಗೀಟು ಎಳೆದು, ಅಲ್ಲಿಂದ ಎಡಕ್ಕೂ ಬಲಕ್ಕೂ ಕಡ್ಡಿ ಹಿಡಿದು ನೋಡುತ್ತಾನೆ.