ಮಿಂಚುಳ್ಳಿಗೆ ಬೇಕು ಮಣ್ಣಿನ ದಂಡೆ

ಹೊಳೆನರಸೀಪುರದ ಬಳಿ ಹೇಮಾವತಿ ತೀರದಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತರೆ ಮಿಂಚುಳ್ಳಿ ಕಣ್ಣಿಗೆ ಬೀಳುವುದು ಅಪರೂಪವೇನಲ್ಲ. ಅದು ಯಾವ ಮಿಂಚುಳ್ಳಿ ಎಂಬುದನ್ನು ಮಾತ್ರ ಬಣ್ಣಕ್ಕಿಂತ ಮೊದಲು ಅದರ ಬೇಟೆಯೇ ಹೇಳಿಬಿಡುತ್ತದೆ.

ಹಾಸನ ಜಿಲ್ಲೆಯ ಹೊಳೆ, ಕೆರೆಗಳ ಬಳಿ ಸಾಮಾನ್ಯವಾಗಿ ಕಾಣುವುದು ಮೂರು ಬಗೆ. ಗುಬ್ಬಚ್ಚಿಗಿಂತ ತುಸು ದೊಡ್ಡದಾದ, ನೀಲಿ ಬೆನ್ನು, ಕಿತ್ತಳೆ ಹೊಟ್ಟೆಯ ಪುಟ್ಟ ಮಿಂಚುಳ್ಳಿ ನೀರಿನ ಮೇಲೆ ಬಾಗಿದ ಕೊಂಬೆಯಲ್ಲಿ ಕದಲದೆ ಕೂರುತ್ತದೆ. ಮೀನು ಕಂಡೊಡನೆ ತಲೆ ಮುಂದಾಗಿ ಧುಮುಕುತ್ತದೆ. ಮುಳುಗುವಾಗ ತೆಳು ಪೊರೆಯೊಂದು ಕಣ್ಣನ್ನು ಮುಚ್ಚಿ ಕಾಪಾಡುತ್ತದೆ. ಹಿಡಿದ ಮೀನನ್ನು ಕೊಂಬೆಗೆ ಬಡಿದು, ತಲೆಯ ಕಡೆಯಿಂದ ನುಂಗುತ್ತದೆ. ಬಾಲದಿಂದ ನುಂಗಿದರೆ ಮುಳ್ಳು ಗಂಟಲಿಗೆ ಸಿಕ್ಕೀತು. ಅಂದಹಾಗೆ ಆ ನೀಲಿ ನಿಜವಾದ ಬಣ್ಣವಲ್ಲ. ಗರಿಯ ಸೂಕ್ಷ್ಮ ರಚನೆ ಬೆಳಕನ್ನು ಚದುರಿಸುವುದರಿಂದ ಹುಟ್ಟುವಂಥದು.

ಕಪ್ಪು ಬಿಳಿ ಮಿಂಚುಳ್ಳಿಗೆ ಕೊಂಬೆಯ ಹಂಗಿಲ್ಲ. ಗಾಳಿಯಲ್ಲೇ ರೆಕ್ಕೆ ಬಡಿಯುತ್ತ ನಿಂತು, ಕೊಕ್ಕು ಕೆಳಗೆ ಮಾಡಿ ಗುರಿ ಹಿಡಿದು, ಕಲ್ಲು ಬಿದ್ದಂತೆ ಬೀಳುತ್ತದೆ. ಹಾಗಾಗಿ ಗೊರೂರು ಜಲಾಶಯದಂಥ ವಿಶಾಲ ನೀರೂ ಅದಕ್ಕೆ ಒಗ್ಗುತ್ತದೆ. ಎದೆಯ ಮೇಲೆ ಎರಡು ಕಪ್ಪು ಪಟ್ಟಿಯಿದ್ದರೆ ಗಂಡು, ಒಂದಿದ್ದರೆ ಹೆಣ್ಣು.

ಮೂರನೆಯದು ಕಂದು ತಲೆ, ಬಿಳಿ ಎದೆ, ಕೆಂಪು ಕೊಕ್ಕಿನ ಗದ್ದೆ ಮಿಂಚುಳ್ಳಿ. ಚನ್ನರಾಯಪಟ್ಟಣದ ತೆಂಗಿನ ತೋಟಗಳಲ್ಲಿ, ಅರಕಲಗೂಡಿನ ಗದ್ದೆ ಬಯಲಿನ ವಿದ್ಯುತ್ ತಂತಿಗಳ ಮೇಲೆ ಕೂರುವುದು ಇದೇ. ಮಿಡತೆ, ಓತಿಕ್ಯಾತ, ಕಪ್ಪೆ, ಏಡಿ, ಒಮ್ಮೊಮ್ಮೆ ಇಲಿ, ಎಲ್ಲವೂ ಇದಕ್ಕೆ ಆಹಾರ. ಕೆರೆ ಬತ್ತಿದರೂ ಇದು ಹೇಗೋ ಬದುಕೀತು. ಉಳಿದೆರಡಕ್ಕೆ ನೀರು ಬೇಕು, ಅದೂ ತಿಳಿಯಾಗಿರಬೇಕು, ಮೀನು ಕಾಣಬೇಕಲ್ಲ!

ಬೇಟೆ ಬೇರೆಯಾದರೂ ಗೂಡು ಮೂರರದೂ ಒಂದೇ ಬಗೆ. ಕಡಿದಾದ ಮಣ್ಣಿನ ದಂಡೆಯನ್ನು ಕೊಕ್ಕಿನಿಂದ ಕೊರೆದು, ಕಾಲಿನಿಂದ ಮಣ್ಣು ಹೊರದೂಡಿ ಸುರಂಗ ತೋಡುತ್ತವೆ. ಅದರ ತುದಿಯಲ್ಲಿ ಬಿಳಿ ಮೊಟ್ಟೆಗಳು. ಹುಲ್ಲು, ಹತ್ತಿ ಹಾಸುವ ಉಪಚಾರವಿಲ್ಲ. ದಿನ ಕಳೆದಂತೆ ಉಗುಳಿದ ಮುಳ್ಳು, ಕೀಟಗಳ ಚಿಪ್ಪೇ ಹಾಸಿಗೆ.

ಮರಳು, ಮಣ್ಣು ತೆಗೆದು ದಂಡೆ ಕುಸಿದಲ್ಲಿ, ಕೆರೆಯಂಚಿಗೆಲ್ಲ ಕಲ್ಲು, ಕಾಂಕ್ರೀಟು ಹೊದಿಸಿದಲ್ಲಿ ಈ ಸುರಂಗಕ್ಕೆ ಜಾಗವಿಲ್ಲ. ಗದ್ದೆ ಮಿಂಚುಳ್ಳಿ ರಸ್ತೆ ಬದಿಯ ಮಣ್ಣುಗೋಡೆಯನ್ನೋ ಹಳೆಯ ಬಾವಿಯ ಒಳಮೈಯನ್ನೋ ಹುಡುಕಿಕೊಳ್ಳುತ್ತದೆ. ಪುಟ್ಟ ಮಿಂಚುಳ್ಳಿ ಹೆಚ್ಚಾಗಿ ನೀರಿನ ಪಕ್ಕದ ದಂಡೆಯನ್ನೇ ನೆಚ್ಚಿದ್ದು. ಏರಿಯಲ್ಲಿ ತೂತು ಬೇಡವೆನ್ನುವ ಎಂಜಿನಿಯರರ ಮಾತು ಸರಿಯೇ. ಆದರೆ ಏರಿಯಿಂದಾಚೆ, ಹಳ್ಳ ಬಂದು ಕೆರೆ ಸೇರುವಲ್ಲಿ ನಾಲ್ಕಾರು ಮಾರು ದಂಡೆಯನ್ನು ಇದ್ದ ಹಾಗೆಯೇ ಬಿಡಬಹುದು. ಪುಟ್ಟ ಮಿಂಚುಳ್ಳಿಯ ಸುರಂಗ ಸಾಮಾನ್ಯವಾಗಿ ಒಂದು ಮೀಟರಿನೊಳಗೇ ಮುಗಿಯುತ್ತದೆ.