ಕಡಲ ವಿಹಾರದಲ್ಲಿ ಮೈತೂಕದ ಎಚ್ಚರ

ರಜೆ ಬಂದಿತೆಂದರೆ ಅಜ್ಜಿಯ ಮನೆ, ಊರ ಜಾತ್ರೆ, ತಪ್ಪಿದರೆ ಒಂದು ಕ್ಷೇತ್ರದರ್ಶನ ಎಂಬ ಕಾಲವೊಂದಿತ್ತು. ಇಂದು ನಮ್ಮ ಅನೇಕ ಕುಟುಂಬಗಳ ಪ್ರವಾಸದ ಪಟ್ಟಿಯಲ್ಲಿ ವಿಹಾರ ನೌಕೆಯ ಯಾನವೂ ಸೇರಿಕೊಂಡಿದೆ. ಅಮೆರಿಕದಲ್ಲಿ ನೆಲೆಸಿದ ಮಕ್ಕಳು ತಂದೆತಾಯಿಗಳನ್ನು ಕರೆಸಿಕೊಂಡಾಗ, ಸಿಯಾಟಲ್ ಅಥವಾ ವ್ಯಾಂಕೂವರ್ ಬಂದರಿನಿಂದ ಹೊರಡುವ ಒಂದು ವಾರದ ಅಲಾಸ್ಕಾ ಯಾನಕ್ಕೆ ಅವರನ್ನು ಕರೆದೊಯ್ಯುವುದುಂಟು. ನಮ್ಮ ದೇಶದಲ್ಲಿಯೂ 2021ರ ಸೆಪ್ಟೆಂಬರಿನಲ್ಲಿ ಕಾರ್ಡೇಲಿಯಾ ಸಂಸ್ಥೆಯ 'ಎಂಪ್ರೆಸ್' ನೌಕೆಯು ಮುಂಬಯಿಯಿಂದ ಗೋವೆ, ಲಕ್ಷದ್ವೀಪಗಳ ಕಡೆಗೆ ಯಾನವನ್ನು ಆರಂಭಿಸಿದ ಮೇಲೆ ಈ ವಿಹಾರವು ಮಧ್ಯಮ ವರ್ಗದವರ ಮಾತುಕತೆಯಲ್ಲಿಯೂ ಕೇಳಿಬರತೊಡಗಿತು.

ಕಡಲ ಗಾಳಿ, ಹಿಮಶಿಖರಗಳ ನೋಟ, ಮಕ್ಕಳು ಮೊಮ್ಮಕ್ಕಳೊಡನೆ ಕಳೆಯುವ ನಿಶ್ಚಿಂತೆಯ ದಿನಗಳು, ಇವೆಲ್ಲವೂ ಮನಸ್ಸಿಗೆ ಹಿತವಾದವುಗಳೇ. ಆದರೆ ಮನೆಗೆ ಮರಳಿದವರು ಪೆಟ್ಟಿಗೆಯ ಸಾಮಾನಿನೊಡನೆ ಮೈಮೇಲಿನ ಭಾರವನ್ನೂ ಹೊತ್ತು ತರುವುದು ಸಾಮಾನ್ಯ ಸಂಗತಿಯಾಗಿದೆ. ಇದು ಬರಿಯ ಅಂದಚೆಂದದ ಪ್ರಶ್ನೆಯಲ್ಲ. ಮಧುಮೇಹ, ರಕ್ತದೊತ್ತಡಗಳು ಮನೆಮನೆಯ ಅತಿಥಿಗಳಾಗಿರುವ ಈ ದಿನಗಳಲ್ಲಿ ಇದು ಆರೋಗ್ಯದ ಪ್ರಶ್ನೆ. ಆದುದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ವಿವೇಚಿಸೋಣ.

ಏರಿದ ತೂಕ ಇಳಿಯುವುದೇ?

'ವಾರದ ಮಟ್ಟಿಗೆ ತಿಂದರೆ ಏನಾದೀತು, ಊರಿಗೆ ಹೋದ ಮೇಲೆ ತಾನಾಗಿ ಇಳಿಯುತ್ತದೆ' ಎಂಬುದು ಎಲ್ಲರ ಸಮಾಧಾನ. ಈ ಸಮಾಧಾನ ಎಷ್ಟರಮಟ್ಟಿಗೆ ನಿಜವೆಂಬುದನ್ನು ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾಲಯದ ಸಂಶೋಧಕರು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ್ದಾರೆ. ಒಂದರಿಂದ ಮೂರು ವಾರಗಳ ರಜೆಯ ಪ್ರವಾಸ ಮಾಡಿದ 122 ಮಂದಿ ವಯಸ್ಕರನ್ನು ಅವರು ತೂಗಿ ನೋಡಿದರು. ಇವರೆಲ್ಲ ಹಡಗಿನಲ್ಲಿಯೇ ಹೋದವರಲ್ಲ, ನಾನಾ ಬಗೆಯ ಪ್ರವಾಸ ಕೈಗೊಂಡವರು. ಪ್ರವಾಸದ ಅವಧಿಯಲ್ಲಿ ಇವರ ತೂಕ ಸರಾಸರಿ 320 ಗ್ರಾಂಗಳಷ್ಟು ಏರಿತ್ತು. ಇದು ಅಲ್ಪವೆಂದೇ ತೋರುತ್ತದೆ. ಆದರೆ ಆರು ವಾರಗಳ ತರುವಾಯ ಮತ್ತೆ ತೂಗಿದಾಗ ಏರಿದ ತೂಕ ಇಳಿದಿರಲಿಲ್ಲ. ಅದೇ ಸಂಶೋಧನೆಯಲ್ಲಿ ಪ್ರವಾಸಿಗರ ಮಾನಸಿಕ ಒತ್ತಡ ತಗ್ಗಿದುದೂ ಕಂಡುಬಂದಿತು. ಎಂದರೆ ರಜೆಯೆಂಬುದು ಬೇಕು, ಅದು ಒಳ್ಳೆಯದು. ತೊಂದರೆಯಿರುವುದು ರಜೆಯಲ್ಲಲ್ಲ, ಅದರೊಡನೆ ಬಂದು ಉಳಿದುಬಿಡುವ ತೂಕದಲ್ಲಿ. ವರ್ಷಕ್ಕೆ ಇಷ್ಟಿಷ್ಟೇ ಸೇರುತ್ತ ಹೋದರೆ ಹತ್ತು ವರ್ಷಗಳಲ್ಲಿ ಅದು ಹಲವು ಕಿಲೋಗಳ ಹೊರೆಯಾಗುತ್ತದೆ.

ನಮ್ಮವರು ಇನ್ನೊಂದು ಮಾತನ್ನು ತಿಳಿದಿರಬೇಕು. ಭಾರತೀಯರ ದೇಹಪ್ರಕೃತಿಯಲ್ಲಿ ಕೊಬ್ಬು ಹೊಟ್ಟೆಯ ಸುತ್ತ ಬೇಗನೆ ಸೇರುತ್ತದೆ. ಅದಕ್ಕೆಂದೇ ಪಾಶ್ಚಾತ್ಯರಿಗೆ ದೇಹತೂಕ ಸೂಚ್ಯಂಕದ ಮಿತಿ 25 ಇದ್ದರೆ ನಮಗೆ ತಜ್ಞರು 23 ಎಂದು ನಿಗದಿಪಡಿಸಿದ್ದಾರೆ. ಲೆಕ್ಕ ಹಾಕಿದರೆ 160 ಸೆಂಟಿಮೀಟರ್ ಎತ್ತರದವರ ತೂಕ ಸುಮಾರು 59 ಕಿಲೋ ದಾಟಬಾರದು. ಸೊಂಟದ ಸುತ್ತಳತೆ ಪುರುಷರಿಗೆ 90, ಮಹಿಳೆಯರಿಗೆ 80 ಸೆಂಟಿಮೀಟರಿನೊಳಗೆ ಇರತಕ್ಕದ್ದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯು ದೇಶದಲ್ಲಿ ಸುಮಾರು 10.1 ಕೋಟಿ ಜನ ಮಧುಮೇಹಿಗಳಿದ್ದಾರೆಂದು ಅಂದಾಜು ಮಾಡಿದೆ. ನಮಗೆ ಅಲಕ್ಷ್ಯ ಸಲ್ಲದೆಂಬುದಕ್ಕೆ ಇಷ್ಟು ಸಾಕು.

ಹಡಗಿನಲ್ಲಿ ತಿನ್ನುವುದು ಹೆಚ್ಚುವುದೇಕೆ?

ಮನೆಯಲ್ಲಿ ನಮ್ಮ ಊಟಕ್ಕೆ ನಾಲ್ಕು ಕಾವಲುಗಳಿವೆ. ಹೊತ್ತಿಗೊಂದು ಊಟ, ಇದ್ದುದರಲ್ಲಿ ಅಡಿಗೆ, ಹೊರಗೆ ತಿಂದರೆ ತೆರಬೇಕಾದ ಹಣ, ಮೇಲಾಗಿ ದಿನವಿಡೀ ಓಡಾಟದ ಕೆಲಸ. ಹಡಗನ್ನೇರಿದೊಡನೆ ಈ ನಾಲ್ಕೂ ಕಾವಲುಗಳು ಒಮ್ಮೆಗೇ ತೆರವಾಗುತ್ತವೆ. ಬೆಳಗಿನಿಂದ ತಡರಾತ್ರಿಯವರೆಗೆ ಒಂದಲ್ಲ ಒಂದು ಕಡೆ ತಿಂಡಿ ಸಿದ್ಧವಿರುತ್ತದೆ. 2024ರ ಜನವರಿಯಲ್ಲಿ ಮಯಾಮಿಯಿಂದ ಮೊದಲ ಯಾನ ಹೊರಟ 'ಐಕಾನ್ ಆಫ್ ದಿ ಸೀಸ್' ನೌಕೆಯನ್ನೇ ನೋಡಿರಿ. 365 ಮೀಟರ್ ಉದ್ದ, 20 ಅಂತಸ್ತುಗಳ ಆ ತೇಲುವ ಪಟ್ಟಣದಲ್ಲಿ ಊಟತಿಂಡಿಯ ತಾಣಗಳೇ ಇಪ್ಪತ್ತಕ್ಕೂ ಹೆಚ್ಚು.

ಎರಡನೆಯದು ಹಣದ ಲೆಕ್ಕ. ಬಹುತೇಕ ಹಡಗುಗಳಲ್ಲಿ ಮುಖ್ಯ ಭೋಜನಶಾಲೆ ಮತ್ತು ಬಫೆಯ ವೆಚ್ಚ ಟಿಕೇಟಿನಲ್ಲಿಯೇ ಸೇರಿರುತ್ತದೆ. 'ಕೊಟ್ಟ ಹಣಕ್ಕೆ ತಕ್ಕಷ್ಟು ತಿನ್ನದಿದ್ದರೆ ನಷ್ಟ' ಎಂಬ ಭಾವನೆ ಒಳಗೊಳಗೇ ಕೆಲಸ ಮಾಡುತ್ತದೆ. ಆದರೆ ತಿಂದರೂ ತಿನ್ನದಿದ್ದರೂ ಆ ಹಣ ಹೋಗಿಯೇ ಆಗಿದೆ. ಹೆಚ್ಚು ತಿಂದುದರಿಂದ ಅದು ಮರಳುವುದಿಲ್ಲ, ಔಷಧಿಯ ಖರ್ಚು ಮಾತ್ರ ಮುಂದೆ ಬಂದೀತು.

ಮೂರನೆಯದು ಬಗೆಬಗೆಯ ರುಚಿ. ಒಂದೇ ಪದಾರ್ಥವಾದರೆ ನಾಲಗೆಗೆ ಬೇಗ ಸಾಕೆನಿಸುತ್ತದೆ. ರುಚಿ ಬದಲಾದರೆ ಹಸಿವು ಮತ್ತೆ ಹುಟ್ಟಿದಂತೆ ಭಾಸವಾಗುತ್ತದೆ. ಬಾರ್ಬರಾ ರೋಲ್ಸ್ ಮತ್ತು ಅವರ ಸಂಗಡಿಗರು 1981ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದೇ ಬಗೆಯ ಸ್ಯಾಂಡ್‌ವಿಚ್ ಕೊಟ್ಟಾಗ ತಿಂದುದಕ್ಕಿಂತ ನಾಲ್ಕು ಬಗೆಯವನ್ನು ಇಟ್ಟಾಗ ಜನರು ಮೂರನೆಯ ಒಂದು ಪಾಲಿನಷ್ಟು ಹೆಚ್ಚು ತಿಂದರು. ನಾಲ್ಕು ಬಗೆಗೇ ಹೀಗಾದರೆ ನಲವತ್ತು ಬಗೆಯ ಬಫೆಯ ಮುಂದೆ ಮನುಷ್ಯನ ಪಾಡೇನು?

ಸಂಯಮವಿರಬೇಕಾದುದು ಸೌಟಿನ ಬಳಿ

ಇಲ್ಲಿ ನಮ್ಮ ಮನೆತನಗಳ ಒಂದು ಒಳ್ಳೆಯ ಸಂಸ್ಕಾರವೇ ನಮಗೆ ತೊಡಕಾಗುವ ಸಂಭವವಿದೆ. ತಟ್ಟೆಗೆ ಬಂದ ಅನ್ನವನ್ನು ಚೆಲ್ಲಬಾರದೆಂದು ನಮ್ಮ ಹಿರಿಯರು ಕಲಿಸಿದ್ದಾರೆ. ಬಫೆಯಲ್ಲಿ ಕಂಡುದನ್ನೆಲ್ಲ ತುಂಬಿಕೊಂಡು ಬಂದ ಮೇಲೆ ಬಿಡಲು ಮನಸ್ಸಾಗದೆ, ಹೊಟ್ಟೆ ತುಂಬಿದ್ದರೂ ತಿಂದು ಮುಗಿಸುವವರು ಬಹಳ. ಚೆಲ್ಲಬಾರದೆಂಬುದು ಸರಿಯೇ. ಆದರೆ ಬೇಡದ ಹೊಟ್ಟೆಗೆ ತುರುಕುವುದೂ ಅನ್ನಕ್ಕೆ ತೋರುವ ಗೌರವವಲ್ಲ. ಮನೆಯಲ್ಲಿ ತಾಯಿ ಬಡಿಸುವಾಗ ಕೈ ಅಡ್ಡಹಿಡಿದು 'ಸಾಕು' ಎನ್ನುತ್ತಿದ್ದೆವು. ಹಡಗಿನಲ್ಲಿ ಬಡಿಸುವವರೂ ನಾವೇ, ಅಡ್ಡಹಿಡಿಯಬೇಕಾದ ಕೈಯೂ ನಮ್ಮದೇ. ಇದನ್ನು ಸಾಧಿಸಲು ಕೆಲವು ಸುಲಭೋಪಾಯಗಳಿವೆ.

1. ತಟ್ಟೆ ಹಿಡಿಯುವ ಮೊದಲು ಬರಿಗೈಯಲ್ಲಿ ಬಫೆಯನ್ನು ಒಂದು ಸುತ್ತು ನೋಡಿ ಬರಬೇಕು. ಬೇಕಾದ ಮೂರು ನಾಲ್ಕು ಪದಾರ್ಥಗಳನ್ನು ನಿಶ್ಚಯಿಸಿ ಆಮೇಲೆ ಬಡಿಸಿಕೊಳ್ಳಬೇಕು. ಉಳಿದವು ನಾಳೆಯೂ ಇರುತ್ತವೆ.

2. ಸಣ್ಣ ತಟ್ಟೆಯಿದ್ದರೆ ಅದನ್ನೇ ಆರಿಸಿಕೊಳ್ಳಬೇಕು. ಅದರಲ್ಲಿ ಅರ್ಧ ಪಾಲು ಪಲ್ಯ, ಕೋಸಂಬರಿಯಂತಹ ಹಸಿ ತರಕಾರಿ, ಹಣ್ಣು, ಕಾಲು ಪಾಲು ಬೇಳೆಕಾಳು, ಮೊಸರು ಅಥವಾ ಪನೀರ್, ಉಳಿದ ಕಾಲು ಪಾಲು ಅನ್ನ ಇಲ್ಲವೆ ರೊಟ್ಟಿ ಇರಲಿ.

3. ಬಫೆಯ ಕಡೆಗೆ ಬೆನ್ನು ಮಾಡಿ, ದೂರದಲ್ಲಿ, ಕಡಲು ಕಾಣುವೆಡೆ ಕುಳಿತು ನಿಧಾನವಾಗಿ ಉಣ್ಣಬೇಕು. ಮತ್ತೆ ಬೇಕೆನಿಸಿದರೆ ಹದಿನೈದು ನಿಮಿಷ ತಡೆದು ನೋಡಬೇಕು.

4. ದಿನಕ್ಕೆ ಒಂದು ಹೊತ್ತಾದರೂ ಬಫೆಯನ್ನು ಬಿಟ್ಟು, ಬಡಿಸುವವರಿರುವ ಭೋಜನಶಾಲೆಗೆ ಹೋಗುವುದು ಲೇಸು. ಅಲ್ಲಿ ಪ್ರಮಾಣ ಮಿತವಾಗಿರುತ್ತದೆ. ಸಿಹಿಯನ್ನು ಒಂದೇ ತರಿಸಿ ಇಬ್ಬರು ಮೂವರು ಹಂಚಿಕೊಂಡರೆ ರುಚಿಯೂ ಆಯಿತು, ಮಿತಿಯೂ ಆಯಿತು.

5. ಬೇಸರಕ್ಕೆ ತಿನ್ನಬಾರದು. ಹಡಗು ದಿನವಿಡೀ ಕಡಲಲ್ಲಿಯೇ ಇರುವಾಗ ಹೊತ್ತು ಹೋಗದೆ ತಿಂಡಿಯ ಕಡೆ ಕಾಲು ಎಳೆಯುತ್ತದೆ. ಅಂದಿಗಾಗಿ ಒಂದು ಪುಸ್ತಕವನ್ನೋ ಹೆಣಿಗೆಯನ್ನೋ ಮೊದಲೇ ಜೊತೆಗಿರಿಸಿಕೊಳ್ಳಬೇಕು.

ಸಸ್ಯಾಹಾರಿಗಳೆಂಬ ನಿಶ್ಚಿಂತೆ ಬೇಡ

'ನಾವು ಮಾಂಸ ಮುಟ್ಟುವವರಲ್ಲ, ಮದ್ಯದ ಮಾತೇ ಇಲ್ಲ, ನಮಗೇನು ಭಯ?' ಎಂದು ಹಲವರು ಕೇಳಬಹುದು. ಮದ್ಯವಿಲ್ಲದಿರುವುದು ದೊಡ್ಡ ಲಾಭವೇ ಸರಿ. ಒಂದು ಗ್ರಾಂ ಮದ್ಯಸಾರದಲ್ಲಿ 7 ಕ್ಯಾಲರಿಗಳಿರುತ್ತವೆ. ಆದರೆ ಹಡಗಿನಲ್ಲಿ ಸಸ್ಯಾಹಾರಿಯ ತಟ್ಟೆಗೆ ಬೀಳುವುದು ಬಹುಪಾಲು ಬ್ರೆಡ್ಡು, ಪಾಸ್ತಾ, ಪಿಜ್ಜಾ, ಚೀಸ್, ಕರಿದ ಆಲೂಗಡ್ಡೆ, ಕೇಕು, ಐಸ್‌ಕ್ರೀಮುಗಳೇ. ಭಾರತೀಯ ಊಟ ಸಿಕ್ಕರೂ ಅದು ಬೆಣ್ಣೆ, ಕೆನೆ ಸುರಿದ ಪನೀರಿನ ಮೇಲೋಗರವಾಗಿರುತ್ತದೆ. ಪಿಷ್ಟ ಮತ್ತು ಪ್ರೋಟೀನುಗಳ ಗ್ರಾಮಿಗೆ 4 ಕ್ಯಾಲರಿಯಾದರೆ ಕೊಬ್ಬಿಗೆ 9. ಒಂದು ದೊಡ್ಡ ಚಮಚ ಎಣ್ಣೆಯಲ್ಲಿಯೇ ಸುಮಾರು 120 ಕ್ಯಾಲರಿಗಳಿವೆ.

ಆದ್ದರಿಂದ ಟಿಕೇಟು ಕಾದಿರಿಸುವಾಗಲೇ ನಮ್ಮ ಆಹಾರದ ಕ್ರಮವನ್ನು ಸಂಸ್ಥೆಗೆ ತಿಳಿಸತಕ್ಕದ್ದು. ಮೊಟ್ಟೆಯೂ ಸಲ್ಲದೆಂದಾದರೆ ಅದನ್ನು ಸ್ಪಷ್ಟವಾಗಿ ಹೇಳಬೇಕು. ಮೊದಲ ದಿನವೇ ಭೋಜನಶಾಲೆಯ ಮುಖ್ಯಸ್ಥರನ್ನು ಕಂಡು ಬೇಳೆ, ಬೇಯಿಸಿದ ತರಕಾರಿ, ಮೊಸರು ಬೇಕೆಂದು ಕೇಳಿದರೆ ಸಾಮಾನ್ಯವಾಗಿ ಒದಗಿಸುತ್ತಾರೆ. ಕೇಳಲು ಸಂಕೋಚಪಟ್ಟು ಬ್ರೆಡ್ಡಿನಲ್ಲಿಯೇ ಹೊಟ್ಟೆ ತುಂಬಿಕೊಳ್ಳುವುದು ಬೇಡ.

ಪಾನೀಯಗಳ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. 330 ಮಿಲಿಲೀಟರಿನ ಒಂದು ಡಬ್ಬಿ ಕೋಲಾದಲ್ಲಿ ಸುಮಾರು 35 ಗ್ರಾಂ ಸಕ್ಕರೆಯಿದೆ. ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ, ದಿನಕ್ಕೆ ಸುಮಾರು 25 ಗ್ರಾಂನೊಳಗೆ ಇದ್ದರೆ ಇನ್ನಷ್ಟು ಹಿತವೆಂದು ಸೂಚಿಸಿದೆ. ಮಕ್ಕಳು ಹಡಗಿನಲ್ಲಿ ಬಣ್ಣಬಣ್ಣದ ಪಾನೀಯಕ್ಕೆ ಹಟ ಹಿಡಿಯುವುದು ಸಹಜ. ದಿನಕ್ಕೊಂದು ಎಂದು ಹೊರಡುವ ಮೊದಲೇ ಮಾತು ಮಾಡಿಕೊಂಡರೆ ಅಲ್ಲಿ ರಗಳೆಯಿರದು. ಉಳಿದಂತೆ ನೀರು, ಸಕ್ಕರೆಯಿಲ್ಲದ ಚಹಾ ಸಾಕು.

ಹೆಜ್ಜೆ ಹಾಕಲು ಎಡೆಯುಂಟು

ಹಡಗಿನಲ್ಲಿ ನಡೆಯಲು ಜಾಗವೆಲ್ಲಿ ಎಂದು ಕೇಳುವವರಿದ್ದಾರೆ. ಅನೇಕ ನೌಕೆಗಳಲ್ಲಿ ಸುತ್ತಲೂ ನಡೆದಾಡಲು ತೆರೆದ ಅಂಗಳವಿರುತ್ತದೆ. 'ಕ್ವೀನ್ ಮೇರಿ 2' ನೌಕೆಯಲ್ಲಿ ಏಳನೆಯ ಅಂತಸ್ತಿನ ಅಂಗಳವನ್ನು ಮೂರು ಸುತ್ತು ಹಾಕಿದರೆ ಒಂದು ಮೈಲಿಗಿಂತ ತುಸು ಹೆಚ್ಚೇ ಆಗುತ್ತದೆ. ಮುಂಜಾನೆ ಅಲ್ಲಿ ಜನಸಂದಣಿಯಿರುವುದಿಲ್ಲ, ಗಾಳಿಯೂ ಹಿತಕರ. ಮಂಡಿನೋವಿಲ್ಲದವರು ಒಂದೆರಡು ಅಂತಸ್ತುಗಳಿಗೆ ಲಿಫ್ಟನ್ನು ಬಿಟ್ಟು ಮೆಟ್ಟಿಲನ್ನೇ ಬಳಸಬಹುದು. ಕಡಲು ಒಲೆದಾಡುವಾಗ ಮಾತ್ರ ಕಂಬಿ ಹಿಡಿದೇ ನಡೆಯಬೇಕು.

ಬಂದರು ಬಂದಾಗ ಹಡಗಿನಲ್ಲಿಯೇ ಉಳಿಯದೆ ಇಳಿದು ನಡೆಯುವುದು ಎಲ್ಲಕ್ಕಿಂತ ಉತ್ತಮ. ಅಲಾಸ್ಕಾ ಯಾನದಲ್ಲಿ ಬರುವ ಕೆಚಿಕನ್, ಸ್ಕ್ಯಾಗ್‌ವೇ ಊರುಗಳು ಕಾಲ್ನಡಿಗೆಯಲ್ಲಿಯೇ ನೋಡಬಹುದಾದಷ್ಟು ಚಿಕ್ಕವು. ಜೂನೋ ಪಟ್ಟಣದ ಹೊರವಲಯದ ಮೆಂಡನ್‌ಹಾಲ್ ಹಿಮನದಿಯ ಬಳಿ ನಗೆಟ್ ಜಲಪಾತದವರೆಗೆ ಹೋಗಿ ಬರುವ ಸುಮಾರು ಎರಡು ಮೈಲಿಯ ಹಾದಿ ಬಹುಮಟ್ಟಿಗೆ ಸಮತಟ್ಟಾಗಿದ್ದು, ನಡೆಯಬಲ್ಲ ಹಿರಿಯರಿಗೂ ಆದೀತು.

ಹೀಗಿದ್ದರೂ ನಡಿಗೆಯೊಂದನ್ನೇ ನಂಬಿ ತಿನ್ನಬಾರದು. 60 ಕಿಲೋ ತೂಕದವರು ಅರ್ಧ ಗಂಟೆ ಚುರುಕಾಗಿ ನಡೆದರೆ ವ್ಯಯವಾಗುವುದು ಸುಮಾರು 100 ಕ್ಯಾಲರಿ ಮಾತ್ರ. ಮೇಲೆ ಹೇಳಿದ ಒಂದು ಚಮಚ ಎಣ್ಣೆಗೂ ಅದು ಸಮನಾಗದು.

ಮಧುಮೇಹವುಳ್ಳ ಹಿರಿಯರಿಗೆ

ಮಕ್ಕಳ ಪ್ರೀತಿಯ ಒತ್ತಾಯಕ್ಕೆ ಮಣಿದು ಪಥ್ಯ ಮುರಿಯುವವರು ಹಿರಿಯರೇ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು 41 ಮಂದಿ ಮಧುಮೇಹಿಗಳನ್ನು ಪರೀಕ್ಷಿಸಿ 2016ರಲ್ಲಿ ಒಂದು ಉಪಯುಕ್ತ ಸಂಗತಿಯನ್ನು ತಿಳಿಸಿದರು. ದಿನಕ್ಕೊಮ್ಮೆ ಅರ್ಧ ಗಂಟೆ ನಡೆಯುವುದಕ್ಕಿಂತ ಮೂರು ಹೊತ್ತಿನ ಊಟದ ಬಳಿಕ ಹತ್ತು ಹತ್ತು ನಿಮಿಷ ನಡೆದಾಗ ಊಟಾನಂತರದ ರಕ್ತದ ಸಕ್ಕರೆ ಸರಾಸರಿ ಶೇಕಡಾ 12ರಷ್ಟು ಕಡಿಮೆಯಿತ್ತು. ಹಡಗಿನಲ್ಲಿ ಇದನ್ನು ಆಚರಿಸುವುದು ಬಲು ಸುಲಭ.

ತೂಕದ ಭಯದಿಂದ ಊಟವನ್ನೇ ಬಿಡುವುದು ಮಾತ್ರ ಸಲ್ಲದು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಗುಳಿಗೆಗಳನ್ನು ಸೇವಿಸುವವರು ಉಪವಾಸವಿದ್ದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಔಷಧಿಯ ಹೊತ್ತನ್ನು ಹೊರಡುವ ಮುನ್ನ ವೈದ್ಯರಲ್ಲಿ ಕೇಳಿ ಬರೆದಿಟ್ಟುಕೊಳ್ಳಬೇಕು. ಔಷಧಿ ಕೈಚೀಲದಲ್ಲಿಯೇ ಇರಬೇಕು. ಮಕ್ಕಳಲ್ಲಿಯೂ ಒಂದು ವಿನಂತಿ: 'ಇದೊಂದು ದಿನ ತಿನ್ನಿರಿ' ಎಂದು ತಂದೆತಾಯಿಗಳನ್ನು ಒತ್ತಾಯಿಸದಿರಿ. ಜೊತೆಗೆ ಎದ್ದು ಹತ್ತು ನಿಮಿಷ ನಡೆಯುವುದೇ ಅವರಿಗೆ ಮಾಡುವ ನಿಜವಾದ ಉಪಚಾರ.

ಮರಳಿದ ಮೇಲೆ

ಊರಿಗೆ ಬಂದ ದಿನವೇ ತೂಕ ನೋಡಿ ಗಾಬರಿಯಾಗಬೇಕಾಗಿಲ್ಲ. ಹೊರಗಿನ ಊಟದ ಉಪ್ಪಿನಿಂದ ದೇಹದಲ್ಲಿ ನೀರು ನಿಂತು ತೂಕ ಹೆಚ್ಚಾಗಿ ತೋರುವುದುಂಟು. ಮನೆಯ ಊಟವನ್ನು ನಾಲ್ಕೈದು ದಿನ ಉಂಡು ಆಮೇಲೆ ತೂಗಬೇಕು. ಆಗಲೂ ಹೆಚ್ಚಿದ್ದರೆ ಅದನ್ನು ಆ ತಿಂಗಳಿನಲ್ಲಿಯೇ ಇಳಿಸಿಕೊಳ್ಳಲು ಯತ್ನಿಸಬೇಕು. ಜೋಳದ ರೊಟ್ಟಿ, ಸೊಪ್ಪಿನ ಪಲ್ಯ, ಮಜ್ಜಿಗೆಯ ನಮ್ಮ ನಿತ್ಯದ ಊಟ, ದಿನವೂ ಅರ್ಧ ಗಂಟೆಯ ನಡಿಗೆ, ಇವೆರಡೂ ಸೇರಿದರೆ ಬೇರೆ ಔಷಧಿ ಬೇಡ. ಮುಂದಿನ ರಜೆಯವರೆಗೆ ಅದನ್ನು ಉಳಿಸಿಕೊಳ್ಳುವುದೇ ಅಪಾಯ.

ರುಚಿ ನೋಡಬಾರದೆಂದು ನಾವು ಹೇಳುತ್ತಿಲ್ಲ. ಹೊಸ ನಾಡಿನ ಹೊಸ ತಿನಿಸನ್ನು ಸವಿಯುವುದೂ ಪ್ರವಾಸದ ಒಂದು ಭಾಗವೇ. ಇಷ್ಟವಾದುದನ್ನು ಆರಿಸಿ, ಅಳತೆಯಲ್ಲಿ ಬಡಿಸಿಕೊಂಡು, ಮನೆಮಂದಿಯೊಡನೆ ನೆಮ್ಮದಿಯಿಂದ ಉಂಡು, ಅನಂತರ ಕಡಲನ್ನು ನೋಡುತ್ತ ನಾಲ್ಕು ಹೆಜ್ಜೆ ನಡೆಯೋಣ. ಹೋದಾಗಿನ ಆರೋಗ್ಯದಲ್ಲಿಯೇ ಮನೆಗೆ ಮರಳೋಣ.